ಹದಿಮೂರನೆಯ ಗುಡ್ಡೆ

ಇಪ್ಪತ್ತೈದು ವರ್ಷದ ಹಿಂದೆ ನಟರಾಜು ತನ್ನ ತಾಯಿ ಮಾದೇವಮ್ಮನಿಗೆ ಒಂದು ಮಾತು ಕೊಟ್ಟಿದ್ದ. ಮಗ ಎಸ್ಸೆಸ್ಸೆಲ್ಸಿ ಪಾಸಾದರೆ ಅವನ ಜೊತೆ ಬೆಟ್ಟದ ಬುಡದಲ್ಲಿರುವ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಹತ್ತುತ್ತೇನೆ ಎಂದು ಆಕೆ ಹರಕೆ ಹೊತ್ತಿದ್ದಳು. ಮಗ ಮೂರನೇ ಸಲಕ್ಕೆ ಪಾಸಾದ. ಅಷ್ಟು ಹೊತ್ತಿಗೆ ಆಕೆಯ ಮಂಡಿ ಕೈಕೊಟ್ಟಿತ್ತು.

"ಅಳಬ್ಯಾಡ ಕನವ್ವ. ನಿನ್ ಮಂಡಿ ವಾಸಿಯಾದ್ ದಿನ ನಾನೇ ನಡುಸ್ಕಂಡು ಕರ್ಕಂಡೋಯ್ತೀನಿ. ಮಾದಪ್ಪನಾಣೆ," ಎಂದಿದ್ದ ನಟರಾಜು.

ಆಣೆ ಇಟ್ಟದ್ದು ಧೈರ್ಯದಿಂದಲೇ. ಅವರ ಊರು ಹುಣಸೇಪಾಳ್ಯದಲ್ಲಿ ಅದುವರೆಗೆ ಯಾರ ಮಂಡಿಯೂ ವಾಸಿಯಾದದ್ದನ್ನು ಕಂಡವರಿರಲಿಲ್ಲ. ಅವನಿಗೋ ನಡೆಯುವುದೆಂದರೆ ಬೆಕ್ಕಿಗೆ ಬಾವಿ ತೋರಿಸಿದ ಹಾಗೆ. ಮೂಲೆ ಅಂಗಡಿಯಿಂದ ಬೆಂಕಿಪೊಟ್ಟಣ ತರಬೇಕಾದರೂ ಮೊಪೆಡ್ ಹತ್ತುವವನು. ಈಗ ನಲವತ್ತೆರಡಕ್ಕೆ ಅವನ ಹೊಟ್ಟೆ ಅವನಿಗಿಂತ ಅರ್ಧ ಗಳಿಗೆ ಮೊದಲೇ ಬಾಗಿಲು ದಾಟುತ್ತಿತ್ತು. ಮೊಪೆಡ್ಡಿನ ಸ್ಟ್ಯಾಂಡ್ ತೆಗೆಯುವಾಗ ಬಲಮಂಡಿ 'ಕಟಕ್' ಅನ್ನುತ್ತಿತ್ತು. ಅದು ಮೊಪೆಡ್ಡಿನ ಸದ್ದೇ ಇರಬೇಕೆಂದು ಅವನು ಎರಡು ಸಲ ಮೆಕ್ಯಾನಿಕ್ ಹತ್ತಿರ ತೋರಿಸಿಯೂ ಬಂದಿದ್ದ.

ಇಂಥವನಿಗೆ ಸಿಕ್ಕಿದ ಕೆಲಸವೂ ಮಂಡಿಯದೇ. ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯವರು ಮಂಡಿ ಸವೆತಕ್ಕೆ ಹೊಸ ಗುಳಿಗೆಯೊಂದನ್ನು ಪರೀಕ್ಷೆಗೆ ಇಟ್ಟಿದ್ದರು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಇಪ್ಪತ್ತು ಊರು, ಊರಿಗೆ ಹನ್ನೆರಡು ಜನ, ದಿನಕ್ಕೆ ಎರಡು ಗುಳಿಗೆ, ಹನ್ನೆರಡು ವಾರ. ಒಟ್ಟು ಜನರಲ್ಲಿ ಅರ್ಧಕ್ಕೆ ಔಷಧಿ ಇರುವ ಗುಳಿಗೆ, ಇನ್ನರ್ಧಕ್ಕೆ ಅದೇ ಕೆಂಪು-ಬಿಳಿ ಬಣ್ಣದ, ಒಳಗೆ ಏನೂ ಇಲ್ಲದ ಗುಳಿಗೆ. ಯಾರಿಗೆ ಯಾವುದು ಅಂತ ನುಂಗುವವರಿಗೂ ಗೊತ್ತಿಲ್ಲ, ಕೊಡುವ ನಟರಾಜುವಿಗೂ ಗೊತ್ತಿಲ್ಲ, ಪರೀಕ್ಷಿಸುವ ಡಾಕ್ಟರ್ ನಾಗಶ್ರೀಯವರಿಗೂ ಗೊತ್ತಿಲ್ಲ. ಗೊತ್ತಾದರೆ ಮನಸ್ಸು ಹೋಗಿ ಮಂಡಿಯ ಪರ ಸುಳ್ಳುಸಾಕ್ಷಿ ಹೇಳಿಬಿಡುತ್ತದಂತೆ.

ಸ್ವಂತ ಊರಿನ ಹನ್ನೆರಡು ಜನರನ್ನು ನಟರಾಜುವೇ ಆರಿಸಿದ್ದ. ಅವರಲ್ಲಿ ತಾಯಿಯ ಹೆಸರಿರಲಿಲ್ಲ. ಸಿಬ್ಬಂದಿಯ ಮನೆಯವರನ್ನು ಸೇರಿಸಿಕೊಳ್ಳುವಂತಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಮಾದೇವಮ್ಮ ಹಿಂದಿನ ವರ್ಷ ಕಿಡ್ನಿ ತೊಂದರೆಯಿಂದ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದವಳು. ಕಿಡ್ನಿ ಸರಿಯಿಲ್ಲದವರಿಗೆ ಈ ಔಷಧಿ ನಾಲಗೆಗೂ ಸೋಕಬಾರದು ಎಂದು ಡಾಕ್ಟರು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು.

"ಊರಿಗೆಲ್ಲ ಕೊಟ್ಟು ಎತ್ತವ್ಳಿಗೆ ಇಲ್ಲ ಅಂತೀಯಲ್ಲ, ನೀನೊಬ್ಬ ಮಗ!" ಎಂದು ಮಾದೇವಮ್ಮ ಎಂಟು ದಿನ ಮಾತು ಬಿಟ್ಟಳು. ಒಂಬತ್ತನೇ ದಿನ ತಾನಾಗೇ ನಕ್ಕಳು. ತಾಯಿಯ ಕರುಳು ಎಂದುಕೊಂಡ ನಟರಾಜು. ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳ ಕಾಲುಚೀಲ ಹುಡುಕಿ ಕೊಟ್ಟು, ಅವರನ್ನು ಸ್ಕೂಲ್ ವ್ಯಾನಿಗೆ ತುರುಕಿ ಮನೆ ಬಿಟ್ಟರೆ, ಇಪ್ಪತ್ತು ಊರು ಸುತ್ತಿ ಕತ್ತಲಾದ ಮೇಲೆ ವಾಪಸಾಗುವವನಿಗೆ ಇನ್ನೂ ಆಳವಾಗಿ ಯೋಚಿಸಲು ಪುರಸೊತ್ತೆಲ್ಲಿ?

ಆ ಹನ್ನೆರಡು ವಾರ ನಿನ್ನೆಗೆ ಮುಗಿದಿತ್ತು. ಇವತ್ತು ಕೊನೆಯ ಪರೀಕ್ಷೆಯ ದಿನ. ಹನ್ನೆರಡು ಜನರನ್ನು ಟೆಂಪೋದಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಬೇಕು. ಬೆಂಗಳೂರಿನಿಂದ ರುದ್ರಸ್ವಾಮಿ ಎಂಬ ಪರಿಶೀಲಕರು ಬರುತ್ತಾರೆ. ಎಲ್ಲ ಕ್ರಮವಾಗಿದ್ದರೆ ನಟರಾಜುವಿಗೆ ಇನ್ನೆರಡು ವರ್ಷ ಕೆಲಸ. ಎಡವಟ್ಟಾದರೆ ಮತ್ತೆ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕ್ರೇಟು ಹೊರುವುದು.

ಬೆಳಿಗ್ಗೆ ಏಳು ಗಂಟೆಗೆ ಗುಳಿಗೆಯ ಖಾಲಿ ಡಬ್ಬಿ ಇಸಿದುಕೊಳ್ಳಲು ಹನ್ನೆರಡರಲ್ಲಿ ಒಬ್ಬಳಾದ ಚಿಕ್ಕನಿಂಗಮ್ಮನ ಹಟ್ಟಿಗೆ ಹೋದವನಿಗೆ ಮೊದಲು ಕಂಡದ್ದು ಅವಳ ಕರು. ಅದರ ಕೊರಳಲ್ಲಿ ಒಂದು ಕೆಂಪು, ಒಂದು ಬಿಳಿ, ಒಂದು ಕೆಂಪು, ಒಂದು ಬಿಳಿ ಮಣಿಯ ಉದ್ದನೆಯ ಸರ.

"ಚೆಂದಾಗದಲ್ವಾ?" ಎಂದಳು ಚಿಕ್ಕನಿಂಗಮ್ಮ ಸೆಗಣಿಕೈ ಒರೆಸಿಕೊಳ್ಳುತ್ತ. "ಬಿಸಾಕಕ್ಕ ಮನಸ್ ಬರ್ನಿಲ್ಲ ಕಪ್ಪ. ಪೋಣುಸ್ಬುಟ್ಟಿ."

ನಟರಾಜು ಬಗ್ಗಿ ನೋಡಿದ. ಮಂಡಿ ಕಟಕ್ ಅಂತು. ಮಣಿಯಲ್ಲ, ಗುಳಿಗೆಯ ಚಿಪ್ಪು. ಎರಡಾಗಿ ಬಿಡಿಸಿ ಒಳಗಿನದನ್ನು ತೆಗೆದ ಖಾಲಿ ಚಿಪ್ಪು.

"ಚಿಕ್ಕನಿಂಗತ್ತೆ... ಇದರೊಳ್ಗಿದ್ ಪುಡಿ?"

"ಅಂಚ್ಕಂಡ್ವಲ್ಲ, ಗುಡ್ಡೆ ಆಕಿ."

ಗುಡ್ಡೆ ಎಂದರೇನೆಂದು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹಬ್ಬಕ್ಕೆ ನಾಲ್ಕು ಮನೆ ಸೇರಿ ಒಂದು ಮರಿ ಕುಯ್ದರೆ, ಮುತ್ತುಗದೆಲೆ ಹಾಸಿ ಮನೆಗೊಂದು ಗುಡ್ಡೆ ಇಡುತ್ತಾರೆ. ಪ್ರತಿ ಗುಡ್ಡೆಗೂ ಎಲ್ಲರೂ ಆಸೆಪಡುವ ಈಲಿ, ಅಂದರೆ ಲಿವರು, ಒಂದು ಚೂರು ಬೀಳಬೇಕು, ಒಂದು ಚೂರು ಮೂಳೆಯೂ ಬೀಳಬೇಕು. ಒಬ್ಬರಿಗೆ ಬರೀ ಈಲಿ ಹೋಗಿ ಇನ್ನೊಬ್ಬರಿಗೆ ಬರೀ ಮೂಳೆ ಬಂದರೆ ಆ ಜಗಳ ಮೊಮ್ಮಕ್ಕಳ ಮದುವೆಯಲ್ಲೂ ಎದ್ದು ಕೂರುತ್ತದೆ.

"ಯಾರಮ್ಮ ನಿಮ್ಗೆ ಈ ಬುದ್ಧಿ ಯೋಳ್ಕೊಟ್ಟೋರು?" ಎಂದು ನಟರಾಜು ಕಿರುಚುವುದಕ್ಕೂ, ಹಲ್ಲುಜ್ಜುತ್ತಿದ್ದ ಕೆಂಚಯ್ಯ ಬೇವಿನಕಡ್ಡಿ ಸಮೇತ ಬೇಲಿ ದಾಟಿ ಬರುವುದಕ್ಕೂ ಸರಿಹೋಯಿತು. ಕೆಂಚಯ್ಯ ಊರಿನ ನ್ಯಾಯ ಹೇಳುವ ಹಿರಿಯ. ಹನ್ನೆರಡರಲ್ಲಿ ಮೊದಲನೇ ನಂಬರಿನ ಡಬ್ಬಿ ಅವನದು.

"ನೀನೇ ಓದಿ ಯೋಳ್ದಲ್ಲಾ ನಟರಾಜು, ಅರ್ಧ ಜನಕ್ಕ ಔಸ್ತಿ, ಅರ್ಧ ಜನಕ್ಕ ಬೂಸಾ ಅಂತ! ಒಂದೂರಲ್ಲಿ ಉಟ್ಟಿ, ಒಂದ್ ಬಾವಿ ನೀರ್ ಕುಡ್ದು, ನಾನು ಔಸ್ತಿ ತಿಂದು ಇವ್ಳಿಗೆ ಬೂಸಾ ತಿನ್ಸದಾ? ಇದ್ಯಾವ್ ಸೀಮೆ ನ್ಯಾಯ?"

"ಅದು ನ್ಯಾಯ ಅಲ್ಲ ಕೆಂಚಣ್ಣ, ವಿಜ್ಞಾನ!"

"ಅದುಕ್ಕೇ ಮತ್ತೆ! ನ್ಯಾಯ ನಾವೇ ಮಾಡ್ಕಂಡ್ವಿ. ಸಾಯಂಕಾಲ ಆದ್ರೆ ಎಲ್ರೂ ಗುಳಿಗೆ ತರದು, ಎಲ್ರೆದುರ್ಗೆ ಬಿಡಸದು, ಪುಡಿನೆಲ್ಲ ಒಂದ್ ತಟ್ಟೆಗ್ ಆಕಿ ಬೆಲ್ಲ ಕಲ್ಸಿ, ಸರಿಸಮ ಉಂಡೆ ಕಟ್ಟಿ ಗುಡ್ಡೆ ಇಡದು. ಒಂದ್ ದಿನ ತಪ್ಪಿಲ್ಲ ನೋಡು!"

"ದಿನಾನಾ?"

"ಇನ್ನೇನು? ಒಬ್ರು ಮನೇಲಿ ಸ್ಟಾಕ್ ಮಡುಗಿದ್ರೆ ಅವ್ರು ಒಂದ್ ಚಿಟಿಕೆ ಜಾಸ್ತಿ ನೆಕ್ಬುಟ್ಟಾರು ಅಂತ ಇವ್ಳಿಗೆ ಅನುಮಾನ," ಎಂದು ಕೆಂಚಯ್ಯ ಚಿಕ್ಕನಿಂಗಮ್ಮನತ್ತ ಕಡ್ಡಿ ತೋರಿಸಿದ.

"ನಂಗಾ ಅನುಮಾನ? ನಿನ್ ಜಗ್ಲೀಲಿ ಬ್ಯಾಡ ಅಂದಿದ್ದಕ್ಕೆ ನೀನು ನನ್ ಜಗ್ಲಿನೂ ಬ್ಯಾಡ ಅನ್ನಿಲ್ವಾ? ಆಮೇಲಲ್ವಾ ಬಸವಪ್ಪನ ದಿಬ್ಬದ್ ಮ್ಯಾಲೆ ಅಂತ ತೀರ್ಮಾನ ಆದದ್ದು!"

ನಟರಾಜು ಬಿಸಿನೀರಿಗೆ ಬಿದ್ದ ರೇಷ್ಮೆಗೂಡಿನ ಹಾಗೆ ಮೆತ್ತಗಾಗಿ ಕಲ್ಲಿನ ಮೇಲೆ ಕೂತ. ಊರಿಗೆಲ್ಲ ಗೊತ್ತು. ಎಂಬತ್ತನಾಲ್ಕು ದಿನ, ಊರಿನ ನೆತ್ತಿಯ ಮೇಲೆ, ಬಯಲಿನಲ್ಲಿ ನಡೆದ ವ್ಯವಹಾರ. ಗೊತ್ತಿಲ್ಲದವನು ಸಂಬಳ ತೆಗೆದುಕೊಂಡು ನಿಗಾ ಇಡುತ್ತಿದ್ದ ಅವನೊಬ್ಬನೇ.

"ನನ್ ಕೆಲ್ಸ ಓಯ್ತು," ಎಂದ. "ಎಲ್ರೂ ಎಲ್ರುದ್ನೂ ತಿಂದ್ರೆ, ಯಾವ್ ಗುಳಿಗೆ ಕೆಲ್ಸ ಮಾಡ್ತು ಅಂತ ಅವ್ರಿಗೆ ಎಂಗ್ ಗೊತ್ತಾಗ್ಬೇಕು? ಮೂರ್ ತಿಂಗ್ಳು ಮಣ್ಣು ಪಾಲು!"

ಅವನ ಮುಖ ನೋಡಿ ಇಬ್ಬರಿಗೂ ಕನಿಕರ ಹುಟ್ಟಿತು. ಆ ಊರಿನಲ್ಲಿ ಜಗಳ ಎಷ್ಟು ಬೇಗ ಹುಟ್ಟುತ್ತದೋ ಕನಿಕರವೂ ಅಷ್ಟೇ ಬೇಗ ಹುಟ್ಟುತ್ತದೆ. ಜಗಳಕ್ಕಿಂತ ಅದೇ ಅಪಾಯ. "ಅಷ್ಟೇನಾ? ನಾವ್ ಯೋಳಕಿಲ್ಲ ಬುಡು," ಎಂದ ಕೆಂಚಯ್ಯ. "ಅನ್ನೆರಡು ಜನಾನೂ ಒಂದೇ ಮಾತು ಆಡ್ತೀವಿ. ನನ್ ಗುಳಿಗೆ ನಾನ್ ನುಂಗ್ದೆ. ಅಷ್ಟೇ."

ಮೊದಲು ಸಾಕ್ಷಿ ನಾಶವಾಗಬೇಕಿತ್ತು. ನಟರಾಜು ಸರಕ್ಕೆ ಕೈ ಹಾಕಿದ. ಕರು ಅವನನ್ನು ತಿಪ್ಪೆ ಸುತ್ತ ಮೂರು ಸುತ್ತು ಓಡಿಸಿತು. ಕೊನೆಗೆ ಸರ ಹರಿದು ಅರ್ಧ ಅವನ ಕೈಗೆ ಬಂತು, ಇನ್ನರ್ಧವನ್ನು ಕರು ಅಲ್ಲೇ ಮೆದ್ದು ಮುಗಿಸಿತು. ನಟರಾಜು ಕುಂಟುತ್ತ ಬಂದ. ಎಪ್ಪತ್ತು ದಾಟಿದ ಕೆಂಚಯ್ಯ ಬೇಲಿಯನ್ನು ಒಂದೇ ಹೆಜ್ಜೆಗೆ ದಾಟಿ ಮನೆಗೆ ಹೋದದ್ದನ್ನು ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಮನೆಯಲ್ಲಿ ಮಾದೇವಮ್ಮ ಕೋಲು ಊರಿಕೊಂಡು, "ಅಮ್ಮಮ್ಮಾ" ಅನ್ನುತ್ತ ಬಾಗಿಲಿಗೆ ಬಂದಳು. "ಯಾಕ್ಲಾ ಮೊಖ ಅಂಗದ?" ನಟರಾಜು ಹೆಂಡತಿ ಯಶೋದ ಕಟ್ಟಿಟ್ಟ ಬುತ್ತಿಯನ್ನೂ ಮರೆತು ಟೆಂಪೋ ಹತ್ತಿದ.

ದಾರಿಯುದ್ದಕ್ಕೂ ತಾಲೀಮು ನಡೆಯಿತು. "ಗುಳಿಗೆ ಏನ್ ಮಾಡ್ದ್ರಿ?" ಎಂದು ನಟರಾಜು ಕೇಳುವುದು, "ನುಂಗ್ದೊ!" ಎಂದು ಹನ್ನೆರಡು ಜನ ಒಕ್ಕೊರಲಿನಿಂದ ಕೂಗುವುದು. ಎದುರು ಬಂದ ಬಸ್ಸಿನವರು ಯಾವುದೋ ಚುನಾವಣೆ ಬಂದಿದೆಯೆಂದು ಕತ್ತು ಹೊರಹಾಕಿ ನೋಡಿದರು.

ಕೊಳ್ಳೇಗಾಲದಲ್ಲಿ ಮಂಡಿಯ ಕೇಂದ್ರ ಇದ್ದದ್ದು ಒಂದು ರೇಷ್ಮೆಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಮಂಡಿ ನೋವಿನವರಿಗೆ ಇಪ್ಪತ್ತೆರಡು ಮೆಟ್ಟಿಲೇ ಎಂದು ಊರವರು ನಗುತ್ತಿದ್ದರು. ಮೆಟ್ಟಿಲು ಹತ್ತಿಸಿ ಸಮಯ ನೋಡುವುದೂ ಪರೀಕ್ಷೆಯ ಭಾಗವಾಗಿತ್ತು. ಮೂರು ತಿಂಗಳ ಹಿಂದೆ ಈ ಹನ್ನೆರಡು ಜನ ಇದೇ ಮೆಟ್ಟಿಲನ್ನು ಮಾದಪ್ಪನಿಗೆ ಒಂದು, ಬಸವಪ್ಪನಿಗೆ ಒಂದು ಎಂದು ದೇವರಿಗೊಂದರಂತೆ ಹತ್ತಿದ್ದರು. ಇವತ್ತು ಆಡಿನ ಹಿಂಡಿನ ಹಾಗೆ ಏರಿಬಿಟ್ಟರು. ಸ್ಟಾಪ್‌ವಾಚ್ ಹಿಡಿದ ಡಾಕ್ಟರ್ ನಾಗಶ್ರೀ ಬೆರಳು ಒತ್ತುವುದನ್ನೇ ಮರೆತರು. ಕೊನೆಗೆ ಕೈಸರಳು ಹಿಡಿದು, ಏದುಸಿರು ಬಿಡುತ್ತ ಮೇಲೆ ಬಂದವನು ನಟರಾಜು.

"ನೀವು ಹದಿಮೂರನೆಯವರಾ? ಪಟ್ಟಿಯಲ್ಲಿ ಹೆಸರಿಲ್ಲವಲ್ಲ," ಎಂದರು ಪರಿಶೀಲಕ ರುದ್ರಸ್ವಾಮಿ. ಸಣಕಲು ಮನುಷ್ಯ. ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದ್ದರೂ ಬೀದಿಯ ಆಚೆಯಿಂದಲೇ ಹೇಳಬಲ್ಲ ಕಣ್ಣು.

ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಹನ್ನೆರಡೂ ಖಾಲಿ. ರುದ್ರಸ್ವಾಮಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಎಂಬತ್ತನಾಲ್ಕು ದಿನದಲ್ಲಿ ಒಬ್ಬರೂ ಒಂದೂ ಗುಳಿಗೆ ಮರೆತಿಲ್ಲವೆ? ನಾನೇ ನನ್ನ ಬಿಪಿ ಮಾತ್ರೆ ವಾರಕ್ಕೆರಡು ಸಲ ಮರೆಯುತ್ತೇನೆ."

"ನಮ್ಮೂರ ಜನ ಶಿಸ್ತು ಸಾರ್," ಎಂದ ನಟರಾಜು. ಬೆವರು ಕಾಲರಿಗೆ ಇಳಿಯಿತು.

ಕೆಂಚಯ್ಯನನ್ನು ಎದುರಿಗೆ ಕೂರಿಸಿದರು. "ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟಿದೆ ಯಜಮಾನರೆ?"

"ಮಳೆ ಬಂದ್ರೆ ಮೂರು ಬುದ್ಧಿ, ಮಗಳು ಬಂದ್ರೆ ಒಂದು, ಅಳಿಯ ಬಂದ್ರೆ ಆರು."

"ಇವತ್ತು?"

"ಇವತ್ತು ಯಾರೂ ಬಂದಿಲ್ಲ. ಸೊನ್ನೆ ಬರ್ಕಳಿ."

"ಗುಳಿಗೆ ಏನು ಮಾಡಿದಿರಿ?"

"ನುಂಗ್ದೊ!" ಎಂದು ಹಿಂದೆ ಕೂತ ಹನ್ನೊಂದು ಜನ ಕೂಗಿದರು.

ರುದ್ರಸ್ವಾಮಿ ಬೆಚ್ಚಿ ಪೆನ್ನು ಬೀಳಿಸಿದರು. ಅದನ್ನು ಎತ್ತಿಕೊಳ್ಳುತ್ತ ಚಿಕ್ಕನಿಂಗಮ್ಮನನ್ನು ಕೇಳಿದರು: "ನುಂಗುವಾಗ ಏನಾದರೂ ತೊಂದರೆ? ವಾಕರಿಕೆ?"

"ಇಲ್ಲ ಬುದ್ಧಿ. ರುಚಿಯಾಗೇ ಇತ್ತು. ವಸಿ ಅಂಟಂಟು, ಅಷ್ಟೇಯ."

"ಗುಳಿಗೆಯನ್ನು ಇಡಿಯಾಗಿ ನುಂಗಿದರೆ ರುಚಿ ಹೇಗೆ ಗೊತ್ತಾಯಿತಮ್ಮ?"

ಕೆಳಗಿನ ಅಂಗಡಿಯಲ್ಲಿ ಯಾರೋ ಸೀರೆ ಒದರಿದ ಸದ್ದು ಕೇಳಿಸಿತು. ನಟರಾಜು ಕಣ್ಣು ಮುಚ್ಚಿ ಮಾರುಕಟ್ಟೆಯ ಕ್ರೇಟುಗಳನ್ನು ನೆನೆದ.

"ನಂಗ ಅಲ್ಲಿಲ್ವಲ್ಲ ಬುದ್ಧಿ," ಎಂದಳು ಚಿಕ್ಕನಿಂಗಮ್ಮ ಬೊಚ್ಚುಬಾಯಿ ಅಗಲಿಸಿ ತೋರಿಸುತ್ತ. "ನಾಲ್ಗೆ ಮ್ಯಾಲೆ ಗಳಿಗೆ ಒತ್ತು ಕುಂತ್ಕಂಡೇ ಒಳಿಕ್ ಓಯ್ತಿತ್ತು."

ರುದ್ರಸ್ವಾಮಿ ಆ ಬಾಯನ್ನು ನೋಡಿ ಒಪ್ಪಿಕೊಂಡರು. ಮಿಕ್ಕವರನ್ನೂ ಒಂದೊಂದು ಮಾತು ಕೇಳಿದರು. ಗಂಟೆ ಒಂದಾಯಿತು. ಕಡೆಗೆ ಫೈಲನ್ನು ಹತ್ತಿರ ಎಳೆದುಕೊಂಡು, "ಎಲ್ಲ ಸರಿಯಾಗಿದೆ. ಸಹಿ ಮಾಡುತ್ತೇನೆ," ಎಂದು ಪೆನ್ನಿನ ಮುಚ್ಚಳ ತೆಗೆದರು. ನಟರಾಜುವಿಗೆ ಎರಡು ವರ್ಷದ ಸಂಬಳ ಕಣ್ಣೆದುರು ಸಾಲಾಗಿ ಬಂದು ನಿಂತ ಹಾಗಾಯಿತು.

ಕೆಂಚಯ್ಯ ಅವನ ಪಕ್ಕಕ್ಕೆ ಸರಿದು ಕಿವಿಯಲ್ಲಿ ಉಸುರಿದ: "ನೋಡ್ದಾ, ಅದ್ಮೂರ್ ಗುಡ್ಡೆ ವಿಚಾರ ಒಬ್ರೂ ಬಾಯ್ ಬುಡ್ನಿಲ್ಲ."

"ಅನ್ನೆರಡು ಗುಡ್ಡೆ," ಎಂದ ನಟರಾಜು ನಗುತ್ತ.

"ಅದ್ಮೂರು ಕಣ್ಲಾ. ಗುಡ್ಡೆ ಆಕದೋರಿಗೆ ಒಂದು ಇಲ್ವಾ? ನಮ್ಮಲ್ಲೇ ಒಬ್ರು ಆಕುದ್ರೆ ತಕರಾರು ಅಂತ, ಪಟ್ಟೀಲಿಲ್ದಿರೋ ನಂಬಿಕಸ್ತರ್ನ ಕರ್ದೊ. ದಿನಾ ಬಂದು ಆಕ್ತಿತ್ತು ಪಾಪ. ಕೊನೇಲಿ ಉಳುದ್ ಗುಡ್ಡೆ ತಕತಿತ್ತು, ಧರ್ಮವಾಗಿ."

"ಯಾರು?"

"ಇನ್ಯಾರು, ನಿಮ್ಮವ್ವ."

ನಟರಾಜುವಿನ ಮುಖದಿಂದ ನಗು ಹಾಗೇ ಜಾರಿತು. ಕಿಡ್ನಿ. ನಾಲಗೆಗೂ ಸೋಕಬಾರದು. ಎಂಬತ್ತನಾಲ್ಕು ದಿನ. ಆಸ್ಪತ್ರೆಯ ಆ ಹನ್ನೊಂದು ದಿನ, ತಾಯಿಯ ಊದಿದ ಕಾಲು, ಮಂಚದ ಪಕ್ಕ ಅವನೇ ಹಿಡಿದು ಕೂತ ಡ್ರಿಪ್ಪಿನ ಬಾಟಲಿ ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ಪೆನ್ನು ಕಾಗದಕ್ಕೆ ತಾಗಲು ಕೂದಲೆಳೆಯಷ್ಟು ಬಾಕಿ ಇತ್ತು. ಸುಮ್ಮನಿದ್ದರೆ ಎರಡು ವರ್ಷ ಕೆಲಸ.

"ಸಾರ್, ಸಹಿ ಮಾಡ್ಬೇಡಿ!" ಎಂದು ಕೂಗಿದ.

ಆಮೇಲೆ ಎಲ್ಲವನ್ನೂ ಹೇಳಿದ. ಕರು, ಸರ, ಚಿಪ್ಪು, ಬೆಲ್ಲ, ದಿಬ್ಬ, ಹದಿಮೂರು ಗುಡ್ಡೆ. ಹೇಳುತ್ತಲೇ ಮನೆಗೆ ಫೋನ್ ಹಚ್ಚಿದ. "ಅವ್ವ ಎಲ್ಲಿ?"

"ಮನೇಲಿಲ್ಲ ಕಣ್ರಿ," ಎಂದಳು ಯಶೋದ. "ಎಲ್ಲೋದ್ರೋ ಕಾಣೆ. ಕೋಲು ಮಾತ್ರ ಇಲ್ಲೇ ಬಿದ್ದದೆ."

ಕೋಲು ಬಿದ್ದಿದೆ! ಕೋಲಿಲ್ಲದೆ ಅವ್ವ ಬಚ್ಚಲಿಗೂ ಹೋದವಳಲ್ಲ. ಡಾಕ್ಟರ್ ನಾಗಶ್ರೀ ಒಂದು ಕ್ಷಣವೂ ತಡಮಾಡಲಿಲ್ಲ. ಅವನನ್ನೂ ರುದ್ರಸ್ವಾಮಿಯವರನ್ನೂ ಒಳಕೋಣೆಗೆ ಕರೆದು, ಬಾಗಿಲು ಹಾಕಿ, ಬೀರುವಿನಿಂದ ಮೊಹರು ಮಾಡಿದ ಒಂದು ಲಕೋಟೆ ತೆಗೆದರು.

"ಜೀವಕ್ಕೆ ಅಪಾಯ ಅಂದರೆ ಇದನ್ನು ಒಡೆಯಬಹುದು ಅಂತ ನಿಯಮ ಇದೆ. ಏನು ತಿಂದಿದ್ದಾರೆ ಅಂತ ಗೊತ್ತಾಗದೆ ಚಿಕಿತ್ಸೆ ಮಾಡಕ್ಕಾಗಲ್ಲ."

"ಒಂದೇ ಲಕೋಟೆ ಇದೆಯಲ್ಲ ಮೇಡಂ? ಹನ್ನೆರಡು ಜನ..."

"ಊರಿಗೆ ಒಂದೇ ನಟರಾಜು. ಚೀಟಿ ಎತ್ತಿದ್ದು ಜನಕ್ಕಲ್ಲ, ಊರಿಗೆ. ಹತ್ತು ಊರಿಗೆ ಪೂರ್ತಿ ಔಷಧಿ, ಹತ್ತು ಊರಿಗೆ ಪೂರ್ತಿ ಬರೀ ಗುಳಿಗೆ. ಒಂದೇ ಬೀದಿಯಲ್ಲಿ ಎರಡು ಥರ ಕೊಟ್ಟರೆ ಅದಲು ಬದಲು ಮಾಡ್ಕೋತಾರೆ ಅಂತ ನಮಗೆ ಮೊದಲೇ ಅನುಮಾನ ಇತ್ತು. ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಊರಿಗೆ ಹೇಳ್ತಿದ್ರಿ."

ಅಂದರೆ ಈಲಿಯೂ ಇಲ್ಲ, ಮೂಳೆಯೂ ಇಲ್ಲ. ಇದ್ದದ್ದು ಒಂದೇ ಪದಾರ್ಥ. ಅದನ್ನೇ ಎಂಬತ್ತನಾಲ್ಕು ದಿನ ಜಗಳವಾಡಿಕೊಂಡು ಸರಿಸಮ ಹಂಚಿಕೊಂಡಿದ್ದರು.

ಡಾಕ್ಟರು ಲಕೋಟೆ ಒಡೆದರು. ಓದಿದರು. ಉದ್ದಕ್ಕೆ ಉಸಿರು ಬಿಟ್ಟು, ಸಮಾಧಾನದ ಭರದಲ್ಲಿ ಹೇಳಿಯೇಬಿಟ್ಟರು: "ಬರೀ ಗಂಜಿಪುಡಿ! ನಿಮ್ಮ ತಾಯಿಗೆ ಏನೂ ಆಗಲ್ಲ ನಟರಾಜು."

ನಟರಾಜುವಿನ ಕಣ್ಣಲ್ಲಿ ನೀರು ಬಂತು. ಆಮೇಲೆ ಅನುಮಾನ ಬಂತು. "ಮತ್ತೆ ಅವರೆಲ್ಲ ಹೆಂಗೆ ಮೇಡಂ ಮೆಟ್ಟಿಲು ಹಂಗೆ ಹತ್ತಿದ್ರು?"

"ಆ ದಿಬ್ಬ ಊರಿಂದ ಎಷ್ಟು ದೂರ?"

"ಒಂದು ಕಿಲೋಮೀಟರ್ ಆಗುತ್ತೆ. ಪೂರ್ತಿ ಏರು. ಮೇಲೆ ಹೋದ ಬಸವಪ್ಪನೇ ಇವತ್ತಿಗೂ ಕೆಳಗಿಳಿದಿಲ್ಲ."

ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡು ನಗತೊಡಗಿದರು. "ಮಂಡಿಗೆ ನಡಿಗೆ ಒಳ್ಳೇದು, ದಿನಾ ನಡೀರಿ ಅಂತ ಹದಿನೈದು ವರ್ಷದಿಂದ ಎಲ್ಲರಿಗೂ ಹೇಳ್ತಿದ್ದೀನಿ. ಒಬ್ಬರೂ ನಡೆದಿಲ್ಲ. ನಿಮ್ಮೂರವರು ಪಕ್ಕದ ಮನೆಯವರ ಮೇಲಿನ ಅನುಮಾನಕ್ಕೆ ಎಂಬತ್ತನಾಲ್ಕು ದಿನ ಗುಡ್ಡ ಹತ್ತಿದ್ದಾರೆ! ನೂರಕ್ಕೆ ನೂರು ಅದೇ ಕಾರಣ ಅಂತ ಈಗಲೇ ಹೇಳೋ ಹಾಗಿಲ್ಲ. ಆದ್ರೆ ನನ್ನ ಮನಸ್ಸು ಸಾಕ್ಷಿ ಹೇಳ್ತಿದೆ."

ರುದ್ರಸ್ವಾಮಿ ಮಾತ್ರ ನಗಲಿಲ್ಲ. ಫೈಲಿನಲ್ಲಿ ಬಹಳ ಹೊತ್ತು ಬರೆದರು. "ತಪ್ಪು ನಡೆದದ್ದನ್ನು ಬರೆದಿದ್ದೇನೆ," ಎಂದರು ಕೊನೆಗೆ. "ಸಹಿ ಬೀಳುವ ಮೊದಲು ನೀವಾಗಿ ಹೇಳಿದ್ದನ್ನೂ ಬರೆದಿದ್ದೇನೆ. ಕೆಲಸ ಇರುತ್ತದೆ. ಆದರೆ ಈ ಗಂಜ... ಈ ವಿಷಯ ಈ ಕೋಣೆ ದಾಟುವಂತಿಲ್ಲ. ಉಳಿದ ಊರುಗಳ ಪರೀಕ್ಷೆ, ಲೆಕ್ಕ ಎಲ್ಲ ಮುಗಿಯಲು ಇನ್ನೂ ಒಂದು ವರ್ಷ ಇದೆ. ಯಾರಿಗೂ ಹೇಳಕೂಡದು. ಹೆಂಡತಿಗೂ, ತಾಯಿಗೂ." ಒಂದು ಕಾಗದ ಮುಂದೆ ತಳ್ಳಿದರು. ನಟರಾಜು ಓದದೆಯೇ ಸಹಿ ಹಾಕಿದ. ಆ ಗಳಿಗೆಯಲ್ಲಿ ಮೊಪೆಡ್ ಬರೆದುಕೊಡು ಅಂದಿದ್ದರೂ ಹಾಕುತ್ತಿದ್ದ.

ಹೊರಗೆ ಮೆಟ್ಟಿಲ ಮೇಲೆ ಬಿರಬಿರನೆ ಹೆಜ್ಜೆಯ ಸದ್ದು. ಬಾಗಿಲು ತೆರೆದರೆ ಮಾದೇವಮ್ಮ. ಒಂದು ಕೈಯಲ್ಲಿ ಬುತ್ತಿಡಬ್ಬಿ, ಇನ್ನೊಂದು ಕೈಯಲ್ಲಿ ಸೆರಗು. ಕೋಲಿಲ್ಲ. ಏದುಸಿರೂ ಇಲ್ಲ.

"ಬುತ್ತಿ ಮರ್ತು ಬುಟ್ಬಂದಿದ್ದೀಯಲ್ಲಾ ಬಡ್ಡೆತ್ತದೆ! ಯಶೋದ ನೀರಿಗೋಗಿದ್ಲು, ಅದ್ಕೆ ನಾನೇ ಬಸ್ ಅತ್ಕಂಡ್ ಬಂದಿ. ಬಸ್‌ಸ್ಟ್ಯಾಂಡಿಂದ ನಡ್ಕಂಡೇ ಬಂದಿ."

"ಅವ್ವಾ, ಕೋಲು?"

"ಕೋಲ್ಯಾಕಪ್ಪ? ಅದು ನೀನ್ ಮನೇಲಿದ್ದಾಗ ಇಡ್ಕಳದು. ಗುಡ್ಡೆ ವಿಚಾರ ಗೊತ್ತಾದ್ರೆ ನೀನ್ ಬೈತೀಯ ಅಂತ." ಸುತ್ತಲಿನ ಮುಖಗಳನ್ನು ನೋಡಿ ಎಲ್ಲ ಬಯಲಾಗಿದೆಯೆಂದು ತಿಳಿದು, ಡಾಕ್ಟರಿಗೆ ಕೈ ಮುಗಿದಳು. "ತಪ್ಪಾಯ್ತು ಕಣ್ರವ್ವ. ಆದ್ರೂ ನಿಮ್ ಔಸ್ತಿ ಅಮೃತ! ಇಪ್ಪತ್ತೈದ್ ವರ್ಸದ್ ಮಂಡಿ, ಮೂರ್ ತಿಂಗ್ಳಿಗೆ ವಾಸಿಯಾಯ್ತು."

ನಟರಾಜುವಿಗೆ ಸಂತೋಷದಿಂದ ಎದೆ ಉಬ್ಬಿತು. ಉಬ್ಬಿದ್ದು ಅಲ್ಲೇ ನಿಂತಿತು. ಯಾಕೆಂದರೆ ಮಾದೇವಮ್ಮ ಈಗ ಅವನತ್ತ ತಿರುಗಿ, ಹನ್ನೆರಡು ಜನ ಸಾಕ್ಷಿಗಳ ಎದುರಿಗೆ ಕೇಳಿದಳು:

"ನಿಂಗ ಆ ಮಾತು ಗ್ಯಾನದಲ್ಲದ ತಾನೆ ಮಗ? ಮಂಡಿ ವಾಸಿಯಾದ್ ದಿನ ಅಂದಿದ್ದೆ. ಮಾದಪ್ಪನಾಣೆ ಅಂದಿದ್ದೆ."

"ಅಂದಿದ್ದ, ಅಂದಿದ್ದ! ನಾನೇ ಇವ್ನಿ ಸಾಕ್ಷಿಗೆ!" ಎಂದ ಕೆಂಚಯ್ಯ.

ಒಂದೇ ಒಂದು ಮಾತು ಸಾಕಿತ್ತು. ಅವ್ವ, ಅದು ಔಷಧಿಯಲ್ಲ, ಗಂಜಿಪುಡಿ, ನಿನ್ನ ಮಂಡಿ ಇನ್ನೂ ಮೊದಲಿನ ಹಾಗೇ ಇದೆ ಎಂದರೆ ಸಾಕು, ಬೆಟ್ಟ ತಪ್ಪುತ್ತಿತ್ತು. ಬಾಯಿ ತೆರೆದ. ಡಾಕ್ಟರು ತುಟಿಯ ಮೇಲೆ ಬೆರಳಿಟ್ಟರು. ರುದ್ರಸ್ವಾಮಿ ಸಹಿ ಮಾಡಿದ ಕಾಗದವನ್ನು ಮೆಲ್ಲಗೆ ಮಡಿಚಿ ಜೇಬಿಗಿಟ್ಟುಕೊಂಡರು.

"ಗ್ಯಾನದಲ್ಲದ ಕನವ್ವ," ಎಂದ ನಟರಾಜು. ತೆರೆದ ಬಾಯಿಗೆ ಅವ್ವ ಒಂದು ತುತ್ತು ರಾಗಿಮುದ್ದೆ ಇಟ್ಟಳು.

ಕೆಲಸ ಉಳಿಯಿತು. ಅದರ ಸ್ವರೂಪ ಮಾತ್ರ ಬದಲಾಯಿತು. ಪರೀಕ್ಷೆ ಮುಗಿದ ಊರುಗಳಲ್ಲಿ ಮಂಡಿ ನೋವಿನವರನ್ನು ದಿನಾ ಸಂಜೆ ನಡೆಸಿ ನೋಡುವ ಹೊಸ ಪ್ರಯೋಗಕ್ಕೆ ಡಾಕ್ಟರು ಬರೆದು ಕಳಿಸಿದರು. ಮುಂದೆ ನಡೆಯುವ ಜವಾಬ್ದಾರಿ ನಟರಾಜುವಿನದು. ಮೊಪೆಡ್ ಬಳಸಕೂಡದು ಎಂದು ಆದೇಶದಲ್ಲೇ ಇತ್ತು. ಎರಡನೇ ವಾರಕ್ಕೆ ಅವನ ಬಲಮಂಡಿ ಹಲಸಿನಕಾಯಿಯ ಹಾಗೆ ಊದಿತು. ಎಕ್ಸ್‌ರೇ ತೆಗೆಸಿದರು. ಸವೆತ ಶುರುವಾಗಿದೆ ಎಂದರು ಡಾಕ್ಟರ್ ನಾಗಶ್ರೀ, ಆದರೆ ಸಿಬ್ಬಂದಿಯಾದ್ದರಿಂದ ಯಾವ ಪಟ್ಟಿಗೂ ಸೇರಿಸಿಕೊಳ್ಳುವ ಹಾಗಿಲ್ಲ. ದಿಬ್ಬದ ಮೇಲೆ ಈಗಲೂ ದಿನಾ ಸೇರುತ್ತಿದ್ದ ಹದಿಮೂರು ಜನ ಕನಿಕರಪಟ್ಟು, ಗುಳಿಗೆ ಮುಗಿದಿದ್ದರೂ ಪರವಾಗಿಲ್ಲ, ಬರೀ ಬೆಲ್ಲದ್ದಾದರೂ ಅವನಿಗೆ ಹದಿನಾಲ್ಕನೇ ಗುಡ್ಡೆ ಇಡುವುದೆಂದು ತೀರ್ಮಾನಿಸಿದರು.

ಇದಕ್ಕೆಲ್ಲ ಮೊದಲು, ಆ ಕೊನೆಯ ದಿನ ಕಳೆದು ಬಂದ ಮೊದಲ ಸೋಮವಾರ, ನಟರಾಜು ತಾಯಿಯ ಜೊತೆ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಹತ್ತಿದ. ಕೊಟ್ಟ ಮಾತು ನಡೆಯಿತು.